ಹೆಬ್ಬೆಟ್ಟು

ಚಿಯಾತುರದಲ್ಲಿ ಎಲ್ಲರ ಕೈಯೂ ಕಪ್ಪು.
ಉಗುರ ಸಂದಿಗೆ ಒಮ್ಮೆ ಇಳಿದ ಮ್ಯಾಂಗನೀಸಿನ ಮಸಿ
ಮದುವೆಯ ದಿನವೂ ಬಿಟ್ಟು ಹೋಗುವುದಿಲ್ಲ.
ಗಣಿ ಸಂಘದ ಎರಡನೇ ಮಹಡಿಯಲ್ಲಿ ನನ್ನ ಗ್ರಂಥಾಲಯ:
ನಾಲ್ಕು ಕಪಾಟು, ಒಂದು ಸೀಮೆಎಣ್ಣೆ ಒಲೆ,
ಮತ್ತು ನಾನು, ತ್ಸಿಯೂರಿ, ನೀಲಿ ಮೊಹರಿನ ಒಡತಿ.

ತೊಂಬತ್ತನಾಲ್ಕರ ಚಳಿಗಾಲ. ಕರೆಂಟು ದಿನಕ್ಕೆರಡು ತಾಸು,
ಬ್ರೆಡ್ಡಿಗೆ ಕ್ಯೂ ಬೆಳಗಿನ ಜಾವ ನಾಲ್ಕಕ್ಕೆ.
ಇಂಥದರಲ್ಲಿ ಇವರು ಬಂದು ಕೇಳುವುದೇನು?
ಡ್ರ್ಯಾಗನ್ನು. ಮಾತಾಡುವ ಕತ್ತಿ. ಏಳು ಚಂದ್ರರ ಸೀಮೆ.
ಮೂರನೇ ಸುರಂಗದ ಬಾದ್ರಿ
ಕೆಮ್ಮನ್ನು ಟೊಪ್ಪಿಗೆಯೊಳಗೆ ಅದುಮಿಕೊಂಡು,
'ಎರಡನೇ ಭಾಗ ಬಂತೇ ಅಕ್ಕಾ?'
ಇತಿಹಾಸದ ಪುಸ್ತಕ ಮುಂದಿಟ್ಟರೆ
ಕಷಾಯ ಕಂಡ ಮಗುವಿನ ಮುಖ.

ಅಟ್ಟ ಹತ್ತಲಾರದವರು ಬೆಟ್ಟ ಹಾರಲು ಹೊರಟರು,
ಅಂದುಕೊಂಡೆ. ರಿಜಿಸ್ಟರಿನ ಅಂಚಿನಲ್ಲಿ
'ಪಲಾಯನ' ಎಂದು ಬರೆದೂ ಇಟ್ಟೆ.

ವಾಪಸು ಬಂದ ಪುಸ್ತಕ ಶುಚಿ ಮಾಡುವುದೂ ನನ್ನದೇ ಕೆಲಸ.
ರಬ್ಬರು ಹಿಡಿದು ಪುಟ ತಿರುವುತ್ತ ಕಂಡೆ:
ಯುದ್ಧದ ಪುಟಗಳು ಬೆಳ್ಳಗಿವೆ.
ಬೆಂಕಿ ಉಗುಳುವಲ್ಲೂ ತೆಳುವಾದೊಂದು ನೆರಳು, ಅಷ್ಟೇ.
ಮಸಿ ಗಟ್ಟಿಯಾಗಿ ಕೂತದ್ದು ನೂರ ಹನ್ನೆರಡರಲ್ಲಿ.
ಅಂಬಿಗನೊಬ್ಬ ರಾಣಿಗೆ ಮಾತು ಕೊಡುತ್ತಾನೆ.
ಆ ಲೋಕದಲ್ಲಿ ಕೊಟ್ಟ ಮಾತು ಕಲ್ಲಾಗಿ
ಕೊಟ್ಟವನ ಅಂಗೈಗೇ ಬೀಳುತ್ತದೆ,
ನಡೆಸುವ ತನಕ ಕೆಳಗಿಡಲು ಬರುವುದಿಲ್ಲ.
ಆ ಒಂದು ಸಾಲಿನ ಮೇಲೆ ಹದಿನಾಲ್ಕು ಹೆಬ್ಬೆಟ್ಟು,
ಒಂದರ ಮೇಲೊಂದು, ಅಕ್ಷರ ಕಾಣದ ಹಾಗೆ,
ಓದು ಬಲ್ಲವರೆಲ್ಲ ಸೇರಿ ಸಹಿ ಹಾಕಿದ ಹಾಗೆ.

ಗಣಿ ಸಂಬಳ ಕೊಟ್ಟು ಎಂಟು ತಿಂಗಳಾಗಿತ್ತು.
'ಬರುವ ಸೋಮವಾರ' ಎಂಬ ಚೀಟಿ ಗೇಟಿನ ಮೇಲೆ
ನೆನೆದು, ಒಣಗಿ, ಮತ್ತೆ ನೆನೆಯುತ್ತಿತ್ತು.

ಇನ್ನೂರ ಆರರಲ್ಲಿ ಮಸಿಯಿಲ್ಲ, ಜೋಳದ ಹಿಟ್ಟು.
ಅದು ಲಾಮಾರಾ, ಶಾಲೆಯ ಅಡುಗೆಯವಳು.
ಮಗ ಸುಖೂಮಿಯ ಯುದ್ಧಕ್ಕೆ ಹೋದ;
ಹೋದ ಎಂಬಲ್ಲಿಗೆ ಅವಳ ವಾಕ್ಯ ನಿಂತಿದೆ.
ಆ ಪುಟದಲ್ಲಿ, ಸತ್ತವರ ಊರಿನ ಕಾವಲುಗಾರ
ದಿನಾ ಸಂಜೆ ಕೋಟೆಯ ಮೇಲೆ ನಿಂತು ಹೆಸರು ಓದುತ್ತಾನೆ.
ಹೆಸರು ಬಾರದವರ ತಾಯಂದಿರು
ಒಲೆ ಹಚ್ಚಲು ಮನೆಗೆ ಓಡುತ್ತಾರೆ.

ನಾನು ಆ ಹಿಟ್ಟನ್ನು ಕೊಡವಲಿಲ್ಲ.

ಆಮೇಲೊಂದು ಸಂಜೆ, ಕ್ವಿರಿಲಾ ನದಿಯ ಮೇಲೆ
ರೋಪ್‌ವೇ ಪೆಟ್ಟಿಗೆ ಗಕ್ಕನೆ ನಿಂತಿತು. ಕರೆಂಟು ಹೋಯಿತು.
ಟಿಕೆಟ್ಟಿನ ಗುಲಿಕೋ ಸೂರ್ಯಕಾಂತಿ ಬೀಜ ಸುಲಿಯುತ್ತ
'ಒಂದು ತಾಸು, ಇಲ್ಲ ಎರಡು' ಎಂದು
ಮೋಂಬತ್ತಿಯ ತುಂಡೊಂದನ್ನು ಕೈಗಿಟ್ಟಳು.
ಹೊಲಿಗೆ ಹಾಕಲೆಂದು ಮನೆಗೊಯ್ಯುತ್ತಿದ್ದೆ,
ಚೀಲದಲ್ಲಿ ಇದ್ದದ್ದು ಅದೊಂದೇ ಪುಸ್ತಕ.

ತಪ್ಪು ಹುಡುಕಲೆಂದೇ ಶುರು ಮಾಡಿದೆ. ಸಿಕ್ಕವು ಕೂಡ:
ವಿಶೇಷಣ ಜಾಸ್ತಿ, ಅನುವಾದ ಒರಟು,
ಚಂದ್ರರ ಲೆಕ್ಕ ಒಮ್ಮೆ ಏಳು, ಒಮ್ಮೆ ಎಂಟು.
ಗಾಳಿ ತಗಡನ್ನು ತೂಗುತ್ತಿತ್ತು.
ಕೆಳಗೆ ಕತ್ತಲಲ್ಲಿ ಊರು ಇದ್ದಲ್ಲೇ ಇತ್ತು,
ಬೆಳಗಿನ ಕ್ಯೂ, ಗೇಟಿನ ಚೀಟಿ, ಬಾದ್ರಿಯ ಕೆಮ್ಮು.
ಎಲ್ಲಿಗೂ ಓಡಿಹೋಗಿರಲಿಲ್ಲ ನಾನು.
ನೂರಾಳೆತ್ತರದಲ್ಲಿ ನೇತಾಡುವವಳು
ಓಡುವುದಾದರೂ ಎಲ್ಲಿಗೆ?
ಆದರೂ ಏನೋ ಭಾರವಾದದ್ದು
ಅಂಗೈಯಲ್ಲಿತ್ತು, ಮತ್ತು ಅದನ್ನು
ಕೆಳಗಿಡುವ ಮನಸ್ಸಿರಲಿಲ್ಲ.

ಪೆಟ್ಟಿಗೆ ಜಗ್ಗಿ ಹೊರಟಾಗ ಗುಲಿಕೋ ಶಿಲುಬೆ ಗೀಚಿಕೊಂಡಳು.
ನನ್ನ ಬಾಯಲ್ಲಿ ಬಂದದ್ದು: 'ಥೂ, ಇನ್ನೆರಡು ಪುಟವಿತ್ತು.'

ಮರುದಿನ ರಬ್ಬರು ಹಿಡಿದು ಕೂತರೆ,
ಕಪ್ಪು ಹೆಬ್ಬೆಟ್ಟುಗಳ ನಡುವೆ ಒಂದು ನೀಲಿ.
ಮೊಹರಿನ ಶಾಯಿ. ಯಾವ ಪುಟವೆಂದು ಹೇಳಲಾರೆ.
ರಬ್ಬರನ್ನು ಡ್ರಾಯರಿಗೆ ಎಸೆದೆ.

ಬಾದ್ರಿ ಬಂದ, ಟೊಪ್ಪಿಗೆ ಕೈಯಲ್ಲಿ.
'ಎರಡನೇ ಭಾಗ?'
'ಇಲ್ಲ,' ಎಂದೆ. 'ಬಂದರೂ
ಮೊದಲ ಸರದಿ ನನ್ನದು.'