ಐದು ಅಂಕದ ಪ್ರಶ್ನೆ

ಮೂವತ್ತೊಂದು ವರ್ಷ
ಅರಸೀಕೆರೆಯ ಜೂನಿಯರ್ ಕಾಲೇಜಿನ ಕರಿಹಲಗೆಯ ಮೇಲೆ
ಎಡದಿಂದ ಬಲಕ್ಕೆ ಇದನ್ನೇ ಬರೆದೆ:
ಒಬ್ಬ ಆಳಿದರೆ ರಾಜಪ್ರಭುತ್ವ,
ಕೆಲವರು ಆಳಿದರೆ ಕುಲೀನಪ್ರಭುತ್ವ,
ಎಲ್ಲರೂ ಆಳಿದರೆ...
ಅಷ್ಟರಲ್ಲಿ ಮೈಸೂರು ಪ್ಯಾಸೆಂಜರ್ ಕೂಗುತ್ತಿತ್ತು,
ಬೆಂಚುಗಳು ಸರಿಯುತ್ತಿದ್ದವು,
ಮೂರನೆಯದು ಯಾವತ್ತೂ ಅರ್ಧಕ್ಕೇ ನಿಲ್ಲುತ್ತಿತ್ತು.

ತೊಂಬತ್ತೆಂಟರ ಅರ್ಧವಾರ್ಷಿಕದಲ್ಲಿ ಕೇಳಿದ್ದೆ:
'ಪರಮಾಧಿಕಾರ ಎಲ್ಲಿ ನೆಲೆಸಿರುತ್ತದೆ? ವಿವರಿಸಿ.'
ಕೊನೇ ಬೆಂಚಿನ ದ್ಯಾವೀರ, ಗೀಜಿಹಳ್ಳಿ ಕಡೆಯವನು,
ಒಂದೇ ಸಾಲು ಬರೆದಿದ್ದ:
'ಬೀಗದಕೈ ಯಾರ್ ತಾವ ಇರ್ತದೋ ಅವರ ತಾವ ಸಾರ್.'
ಸೊನ್ನೆ ಹಾಕಿದೆ.
ಅದರ ಸುತ್ತ ಇನ್ನೊಂದು ಸೊನ್ನೆ ಎಳೆದೆ,
ದೂರಕ್ಕೂ ಕಾಣಲೆಂದು.

ಈಗ ಅವನು ನಮ್ಮ ವಾರ್ಡಿಗೆ ನೀರು ಬಿಡುವವನು.
ಹೆಗಲ ಮೇಲೆ ನಾಲ್ಕಡಿ ಕಬ್ಬಿಣದ ರಾಡು,
ಅದರ ತುದಿಗೆ ವಾಲ್ವಿನ ಕೀ.
ಒಂಬತ್ತು ದಿನಕ್ಕೊಮ್ಮೆ, ರಾತ್ರಿ ಎರಡಕ್ಕೋ ಮೂರಕ್ಕೋ
ಹೇಮಾವತಿ ಹೊರಳಿ ನಮ್ಮ ಬೀದಿಗೆ ಬರುತ್ತಾಳೆ;
ನಲ್ಲಿ ಮೊದಲು ಉಸಿರು ಬಿಡುತ್ತದೆ, ಕೆಮ್ಮುತ್ತದೆ,
ಆಮೇಲೆ ಬೀದಿ ತುಂಬ ಕೊಡಗಳ ಸದ್ದು.

ಕೊಬ್ಬರಿ ಮಂಡಿಯ ಸಾಹುಕಾರರು
ಅವನನ್ನು 'ದ್ಯಾವೀರಪ್ಪನೋರೇ' ಅನ್ನುತ್ತಾರೆ.
ಕೌನ್ಸಿಲರ್ ಇಂದ್ರಾಣಮ್ಮನ ಗಂಡ,
ಆಕೆಯ ಸಹಿಯನ್ನು ಆಕೆಗಿಂತ ಚೆಂದ ಹಾಕುವವನು,
ಬೀಡಿಗೆ ತಾನೇ ಕಡ್ಡಿ ಗೀರುತ್ತಾನೆ.
ಹೇಳಿಬಿಡುತ್ತೇನೆ: ಯುಗಾದಿಗೆ ನಾನೂ ಹೋಳಿಗೆ ಕಳಿಸಿದೆ.
ಆ ಸಲ ನಮ್ಮ ಬೀದಿಗೆ ಹತ್ತು ನಿಮಿಷ ಜಾಸ್ತಿ ಬಂತು.
ಯಾವ ಅಧ್ಯಾಯಕ್ಕೆ ಸೇರಿಸಲಿ ಇದನ್ನು?

ಈ ಊರಿನ ಹೆಸರಲ್ಲೇ ಒಬ್ಬ ಅರಸಿ, ಒಂದು ಕೆರೆ.
ಯಾರೋ ಏನೋ, ಅಪ್ಪಣೆ ಕೊಟ್ಟಳೋ ಬಳೆ ಬಿಚ್ಚಿಕೊಟ್ಟಳೋ.
ತೂಬು ಎತ್ತಲು ಕತ್ತಲಲ್ಲಿ ಒಬ್ಬನೇ
ಎದೆಮಟ್ಟ ನೀರಿಗಿಳಿಯುತ್ತಿದ್ದನಲ್ಲ,
ಅವನಿಗೆ ಕೆರೆ ಕೆಳಗೆ ಒಂದಾದರೂ ಗದ್ದೆ ಇತ್ತೆ?

ಕಳೆದ ಮಾರ್ಚಿನಲ್ಲಿ ಹದಿಮೂರು ದಿನ ನಲ್ಲಿ ಕೆಮ್ಮಲೂ ಇಲ್ಲ.
ಗುತ್ತಿಗೆಯವರಿಗೆ ಏಳು ತಿಂಗಳ ಸಂಬಳ ಬಾಕಿಯಂತೆ,
ರಾಡುಗಳನ್ನು ನಗರಸಭೆಯ ಮೆಟ್ಟಿಲಿಗೆ ಒರಗಿಸಿ
ಕೂತುಬಿಟ್ಟಿದ್ದಾರಂತೆ.
ಹುಡುಕಿಕೊಂಡು ಹೋದೆ, ರೈಲ್ವೆ ಗೇಟಿನಾಚೆ,
ಶೀಟಿನ ಸೂರಿನ ಮನೆ.
ಅವನ ಹೆಂಡತಿ ಪುಟ್ಟಗೌರಿ ಟ್ಯಾಂಕರಿನವನ ಕೈಗೆ
ಕೊಡಕ್ಕೆ ಆರು ರೂಪಾಯಿಯಂತೆ ಎಣಿಸಿ ಹಾಕುತ್ತಿದ್ದಳು.
'ಈ ಕಡೀಕೆ ಲೈನೇ ಇಲ್ಲ ಸಾರ್,' ಅಂದಳು,
'ನಕ್ಷೇಲಿ ಐತಂತೆ.'

ದ್ಯಾವೀರ ಒಳಗಿನಿಂದ ಸ್ಟೂಲು ತಂದಿಟ್ಟ.
ನಾನು ಆ ಹಳೇ ಉತ್ತರಪತ್ರಿಕೆಯ ಮಾತೆತ್ತಿದೆ,
ನಿನ್ನ ಉತ್ತರ ಸರಿ ಇತ್ತಪ್ಪಾ ಅನ್ನಲು ಬಾಯಿ ತೆರೆದೆ.
'ಇಲ್ಲ ಸಾರ್,' ಅಂದ ಟ್ಯಾಂಕರಿನ ಕಡೆ ನೋಡುತ್ತಾ,
'ಸೊನ್ನೆ ಸರಿಯಾಗೇ ಕೊಟ್ಟಿದ್ರಿ.'

ಹದಿನಾಲ್ಕನೆಯ ದಿನ ಎರಡು ತಿಂಗಳದ್ದು ಬಂತು.
ಉಳಿದ ಐದು ಏಪ್ರಿಲ್ ಸಭೆಯ ವಿಷಯಸೂಚಿಗೆ ಹೋಯಿತು.
ಆ ರಾತ್ರಿ ಟಾರ್ಚು ಹಿಡಿದು ಅವನ ಜೊತೆ ಹೋದೆ.
ಗುಂಡಿಯ ಮುಚ್ಚಳ ಸರಿಸಿ, 'ನೀವೇ ತಿರುಗ್ಸಿ,' ಅಂದ.
ರಾಡಿಗೆ ಇಡೀ ಮೈಭಾರ ಹಾಕಿದೆ.
ಅರವತ್ತೆಂಟು ವರ್ಷ, ಎರಡು ಎಂ.ಎ.,
ಕೂದಲೆಳೆಯಷ್ಟೂ ಕದಲಲಿಲ್ಲ.
'ಮೊದ್ಲು ಒಂದೀಟು ಬಿಗೀಬೇಕು ಸಾರ್,
ಆಮ್ಯಾಕೆ ಬಿಚ್ಕತದೆ. ಹದಿನಾರು ಸುತ್ತು.'
ಹೆಗಲು ಕೊಟ್ಟ. ಒಂದು, ಎರಡು...

ಕಾಲಡಿಯಲ್ಲಿ ನೀರು ಓಡಿದ್ದು
ಚಪ್ಪಲಿಯ ಅಟ್ಟೆಗೆ ಗೊತ್ತಾಯಿತು,
ಮೊದಲು ಮಂಡಿಯ ಕಡೆಗೆ, ಆಮೇಲೆ ನಮ್ಮ ಕಡೆಗೆ.
ಗೇಟಿನಾಚೆ ಒಂದೇ ದೀಪ.
ಏನಾದರೂ ಹೇಳಬೇಕಿತ್ತು ನಾನು.
ಎಲ್ಲರೂ ಆಳಿದರೆ, ಅಂತ ಶುರುವಾಗುವಂಥದ್ದು.

ಅವನು ರಾಡು ಹೆಗಲಿಗೇರಿಸಿ ಮುಂದಿನ ಗುಂಡಿಗೆ ಹೊರಟ.
ನಾನು ಮನೆಗೆ ಓಡಿದೆ,
ಡ್ರಮ್ಮು ತುಂಬಿಸಬೇಕಿತ್ತು.