ಮೂರರಲ್ಲೊಂದು

ಮೊದಲೇ ಹೇಳಿಬಿಡುತ್ತೇನೆ:
ನಮ್ಮ ಮನೆಯಲ್ಲಿ ಯಾರೂ ಕಾಫಿ ಕುಡಿದವರಲ್ಲ.
ಮುಸಾಂಜೆಯ ಆ ಎತ್ತರದಲ್ಲಿ, ಜ್ವಾಲಾಮುಖಿಯ ಕರಿಮಣ್ಣಿನಲ್ಲಿ
ಬೆಳೆಯುವುದು ಆಲೂಗಡ್ಡೆ.
ಬೆಳಿಗ್ಗೆ ಬೇಯಿಸಿದ್ದು, ರಾತ್ರಿ ಸುಟ್ಟದ್ದು,
ನಡುವೆ ತಲೆಯ ಮೇಲೆ ಹೊತ್ತದ್ದು.

ಕಿವು ಸರೋವರದ ಕಡೆಗೆ ಇಳಿದು ಬಂದದ್ದು ಕೂಲಿಗೆ.
ಸುಲಿದು ತೊಳೆದ ಬೀಜ
ಉದ್ದುದ್ದ ಜಾಲರಿ ಮಂಚಗಳ ಮೇಲೆ ನೀರು ಸೋರುತ್ತ ಬಿದ್ದಿರುತ್ತಿತ್ತು.
ಹುಳ ಕಚ್ಚಿದ್ದು, ಒಡೆದದ್ದು, ಕಂದಿದ್ದು,
ಬೆರಳೇ ಆರಿಸುತ್ತಿತ್ತು,
ಕಣ್ಣು ಊರಿನಲ್ಲಿರುತ್ತಿತ್ತು.

ಆಮೇಲೆ ಲ್ಯಾಬಿನಲ್ಲಿ ಬಟ್ಟಲು ತೊಳೆಯುವ ಕೆಲಸ.
ಬಿಳಿ ಕೋಟಿನವರು ಸೊರ್ರೆಂದು ಹೀರಿ, ಉಗಿದು,
ಏನೇನೋ ಬರೆದುಕೊಳ್ಳುತ್ತಿದ್ದರು:
ಕಿತ್ತಳೆಯಂತೆ, ಕಬ್ಬಂತೆ, ಯಾವುದೋ ಹೂವಂತೆ.
ಒಂದು ದಿನ ಎಲ್ಲರೂ ಒಮ್ಮೆಗೇ ಒಂದು ಬಟ್ಟಲು ದೂಡಿದರು.
ಬಗ್ಗಿ ಮೂಸಿದೆ.
ಅಯ್ಯೋ, ಇದು ನಮ್ಮ ಅಡುಗೆಮನೆ!
ಈಗಷ್ಟೇ ಸಿಪ್ಪೆ ಹೆರೆದ ಹಸಿ ಆಲೂಗಡ್ಡೆ,
ಅಕ್ಕ ಸ್ಪೆಸಿಯೋಸಳ ಒದ್ದೆ ಕೈ.

ಒಂದೇ ಬೀಜ ಕೆಟ್ಟರೂ ಸಾಕಂತೆ ಹೀಗಾಗಲು,
ಆ ಮೂಟೆ ಹಡಗು ಹತ್ತುವುದಿಲ್ಲವಂತೆ.
ನಮಗೆ ಊಟ, ಅವರಿಗೆ ರೋಗ.
ನಕ್ಕುಬಿಟ್ಟೆ. ಫ್ರೊದುವಾಲ್ ತಿರುಗಿ ನೋಡಿದ.

ಮರುದಿನದಿಂದ ನನ್ನ ಮೂಗಿಗೆ ಸಂಬಳ.
ನಲವತ್ತು ಬಟ್ಟಲಿಟ್ಟರೂ ಬಾಗಿಲಲ್ಲೇ ನಿಂತು
ಅಗೋ, ಆ ಮೂಲೆಯದು ಅನ್ನುತ್ತಿದ್ದೆ.
ಚಮಚ ಹಿಡಿಯಲು ಕಲಿತದ್ದು ಆಮೇಲೆ,
ಉಗಿಯಲು ಕಲಿತದ್ದು ಇನ್ನೂ ಆಮೇಲೆ.
ಬಾಯಿಗೆ ಬಂದದ್ದನ್ನು ನುಂಗುವುದೇ ರೂಢಿಯಾಗಿತ್ತಲ್ಲ.

ಕಿಗಾಲಿಯಲ್ಲಿ ಪಂದ್ಯವಿದೆ, ಅಂದ ಫ್ರೊದುವಾಲ್.
ಎಂಟು ಸಾಲು, ಸಾಲಿಗೆ ಮೂರು ಬಟ್ಟಲು.
ಎರಡು ಒಂದೇ, ಒಂದು ಬೇರೆ.
ಎಂಟು ನಿಮಿಷ. ಬೇರೆಯದನ್ನು ಮುಂದಕ್ಕೆ ತಳ್ಳಬೇಕು.
ಇಷ್ಟೇನಾ? ಅಂದೆ.

ಕೆಲಸ ಮುಗಿದ ಮೇಲೆ ಜನರೇಟರಿನ ಗುಡುಗಿನಲ್ಲಿ ಅಭ್ಯಾಸ.
ಎರಡನೆಯ ಸಂಜೆಯೇ
ಮೂರರಲ್ಲೊಂದು ಆಲೂಗಡ್ಡೆ ನನ್ನ ಹೆಸರು ಹಿಡಿದು ಕೂಗಿತು.
ಕಣ್ಣು ಮುಚ್ಚಿ ತಳ್ಳಿದೆ.
ಎತ್ತಿ ನೋಡಿದರೆ ಅಡಿಯಲ್ಲಿ ಕೆಂಪು ಚುಕ್ಕಿ ಇಲ್ಲ.
"ಅದೂ ಪಕ್ಕದ್ದೂ ಒಂದೇ ಗುಡ್ಡದ ಕಾಫಿ.
ಅದಕ್ಕೆ ಜ್ವರ ಬಂದಿದೆ, ಅಷ್ಟೆ.
ನೀನು ಹುಡುಕಿದ್ದು ತಪ್ಪನ್ನು, ಯಾಂಕುರಿಜೆ.
ನಾನು ಕೇಳಿದ್ದು ಬೇರೆಯದನ್ನು."

ನಿದ್ದೆ ಬರಲಿಲ್ಲ.
ಹನ್ನೊಂದು ವರ್ಷ ಆರಿಸಿ ಎಸೆದೇ ಉಂಡವಳು ನಾನು.
ತಪ್ಪಿಲ್ಲದೆಯೂ ಬೇರೆಯಾಗಿರಬಹುದೆಂದು
ನನ್ನ ನಾಲಗೆಗೆ ಯಾರೂ ಹೇಳಿರಲಿಲ್ಲ.
ಬೇರೆ ಎಂಬ ಮಾತನ್ನು ನಮ್ಮ ದೇಶದ ಹಿರಿಯರು
ಇವತ್ತಿಗೂ ದನಿ ತಗ್ಗಿಸಿ ಆಡುತ್ತಾರೆ.
ಯಾಕೆಂದು ನಾನು ಕೇಳುವುದಿಲ್ಲ.

ನೀರಿನಿಂದ ಶುರುಮಾಡಿದೆ.
ನಲ್ಲಿಯದು, ಸರೋವರದ್ದು, ತಗಡಿನಿಂದ ಇಳಿದ ಮಳೆಯದು.
ತಿಂಗಳುಗಟ್ಟಲೆ ಮೆಣಸಿನಕಾಯಿ ಮುಟ್ಟಲಿಲ್ಲ.
ಗಂಡ ಗೊಣಗಿದ: ನಿನ್ನ ನಾಲಗೆಗೆ ಪಥ್ಯ,
ನನ್ನದೇನು ಪಾಪ ಮಾಡಿತ್ತು?

ಕಿಗಾಲಿ. ಹೋಟೆಲಿನ ಹಾಲು, ಕೊರೆಯುವ ಎಸಿ,
ಒಂದು ಕೈಯಲ್ಲಿ ಚಮಚ, ಒಂದರಲ್ಲಿ ಉಗಿಯುವ ಲೋಟ.
ಪಕ್ಕದವನು ಹೀರಿದರೆ ತಗಡು ಹರಿದ ಸದ್ದು.
ಐದು ಸಾಲು ಓಡಿತು.
ಆರನೆಯದರಲ್ಲಿ ಮೂರೂ ನಿರ್ಮಲ.
ಮೂರಕ್ಕೂ ಜ್ವರವಿಲ್ಲ, ಗಾಯವಿಲ್ಲ.
ಮತ್ತೆ ಹೀರಿದೆ, ಮತ್ತೆ.
ಗಡಿಯಾರ ಓಡಲಿ ಎಂದು ಆರಲು ಬಿಟ್ಟೆ.
ನಡುವಿನದು
ಮಿಕ್ಕವೆರಡಕ್ಕಿಂತ ಒಂದುಸಿರು ಮೊದಲೇ ಸುಮ್ಮನಾಯಿತು.
ಇಷ್ಟೇ.
ತಳ್ಳಿದೆ.

ಚುಕ್ಕಿ ಇತ್ತು.
ಇಲ್ಲದ್ದು ಮೂರನೆಯ ಸಾಲಿನಲ್ಲಿ,
ಕೈ ನಡುಗದೆ ತಳ್ಳಿದ್ದು ಅದೊಂದನ್ನೇ.
ಎಂಟರಲ್ಲಿ ಏಳು. ಹೊತ್ತು ಹೆಚ್ಚು ತಿಂದದ್ದಕ್ಕೆ ನಾಲ್ಕನೆಯ ಸ್ಥಾನ.

ರಾತ್ರಿ ಅಕ್ಕನಿಗೆ ಫೋನು.
ಎಂಟು ನಿಮಿಷ ಬಾಯಿ ಮುಕ್ಕಳಿಸಿದ್ದಕ್ಕೆ ಏನು ಕೊಟ್ಟರೇ?
ಒಂದು ಚಮಚ, ಅಂದೆ.
ಆಚೆ ಕಡೆ ಅವಳು ನಗುತ್ತಲೇ ಹೆರೆಯುತ್ತಿದ್ದಳು, ಚಾಕು ಕೇಳುತ್ತಿತ್ತು.
ಫೋನಿನಲ್ಲಿ ವಾಸನೆ ಬರುವುದಿಲ್ಲ ಎನ್ನುವವರು
ಎನ್ನಲಿ.