ಕಳೆದ ವರ್ಷದ ಕಾಗದ

ಟೊಲಿಡೊ. ಏಪ್ರಿಲ್ ಒಂಬತ್ತು, ತೆರಿಗೆಗೆ ಆರೇ ದಿನ.
ಬೇಕರಿಯ ನಂಬರು ಈಗ ಉಗುರಿಗೆ ಬಣ್ಣ ಹಚ್ಚುವವಳದು;
ಮೂರನೇ ಸಲವೂ ಬೇಸರಿಸದೆ
"ಅಲ್ಲಮ್ಮಾ" ಅಂದಳು.

ನಡೆದೇ ಹೋದೆ.
ಹಿಂಬಾಗಿಲಲ್ಲಿ ಕೊವಾಚ್,
ಮಾರಲಿಟ್ಟ ಓವನ್ನಿನ ಅಳತೆ ಹಿಡಿದು.
ಕೆಲಸ ಬಿಟ್ಟ ದಿನದ ಮಾತು
ಅವನೂ ಎತ್ತಲಿಲ್ಲ, ನಾನೂ.

ಶೂ ಡಬ್ಬಿ ತಂದ.
ರಬ್ಬರ್ ಬ್ಯಾಂಡಿನೊಳಗೆ ನಮ್ಮೆಲ್ಲರ ವರ್ಷ.
ನನ್ನ ಹೆಸರಲ್ಲೊಂದು ಅಕ್ಷರ ಕಮ್ಮಿ,
ಹದಿನೇಳು ಸಾವಿರದ ನಾನೂರಾರು ಡಾಲರು:
ಬೆಳಗಿನ ಜಾವದ ಮೂರು ಗಂಟೆಗಳೆಲ್ಲ
ಕೂಡಿದರೆ ಇಷ್ಟು.

ತಳದಲ್ಲಿ ಡೆಲ್ಫೀನಳದ್ದು. ಅಂಟಿಸಿ, ಸ್ಟಾಂಪೂ ಹಚ್ಚಿದ್ದ.
ಜನವರಿಯಲ್ಲಿ ಮಣ್ಣು ಮಾಡಿದ್ದೆವು ಅವಳನ್ನು.
"ಇದನ್ನ ಯಾರಿಗೆ ಕಳಿಸಲಿ?"

ಪೆನ್ನು ಕೇಳಿದೆ.
ನನ್ನ ಹೆಸರು ತಿದ್ದಲಿಕ್ಕೆಂದುಕೊಂಡ.
ಲಕೋಟೆಯ ಮೇಲೆ
ಅವಳ ಮಗಳ ವಿಳಾಸ ಬರೆದೆ,
ಆಕ್ರನ್, ಮನೆ ನಂಬರು ನೆನಪಿದ್ದಷ್ಟು.